ಮೂರು ಕೂಗಿನ ಪೊರಕೆ

ನನ್ನ ಹೆಂಡತಿಯ ತಮ್ಮನಿಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದಿದೆ. ಆ ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಅವನೇ ಹಿಂದೆ ತಿರುಗಿ ನೋಡುತ್ತಾನೆ. ಪೊರಕೆ ಎಂದು ಕರೆಯಿರಿ, ಎರಡು ಬೀದಿ ಆಚೆಯಿಂದ ‘ಓ’ ಎನ್ನುತ್ತಾನೆ. ಆಳು ಕಡ್ಡಿಯ ಹಾಗೆ, ತಲೆಗೂದಲು ಕಟ್ಟು ಬಿಚ್ಚಿದ ಪೊರಕೆಯ ಹಾಗೆ. ಆದರೆ ಹೆಸರು ಬಂದದ್ದು ರೂಪಕ್ಕಲ್ಲ, ಕೆಲಸಕ್ಕೆ. ಹಳೆಯ ಕಂಪ್ಯೂಟರುಗಳ ಒಳಹೊಕ್ಕು ಕಸ ಗುಡಿಸುವುದು ಅವನ ಕಸುಬು. ಧೂಳನ್ನು ಯಾರು ಬೇಕಾದರೂ ಊದಿ ತೆಗೆದಾರು. ಇವನು ಗುಡಿಸುವುದು ಕಣ್ಣಿಗೆ ಕಾಣದ ಕಸವನ್ನು.

ಅದೇನೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಥೆ ಸಲೀಸಾಗಿ ಓಡುತ್ತದೆ. ಕಂಪ್ಯೂಟರಿಗೆ ಒಂದು ಪ್ರಿಂಟರನ್ನೋ ಕ್ಯಾಮೆರಾವನ್ನೋ ಚುಚ್ಚಿದಿರಿ ಅನ್ನಿ. ಅದರ ಭಾಷೆ ಇದಕ್ಕೆ ಬಾರದು, ಇದರ ಭಾಷೆ ಅದಕ್ಕೆ ಬಾರದು. ನಡುವೆ ನಿಂತು ಮಾತು ದಾಟಿಸಲು ಒಬ್ಬ ದಲ್ಲಾಳಿ ಬೇಕು. ಅವನಿಗೆ ಡ್ರೈವರ್ ಎನ್ನುತ್ತಾರೆ. ಕಂಪ್ಯೂಟರ್ ಅವನನ್ನು ಒಳಗೆ ಕೂರಿಸಿಕೊಂಡು, ರಿಜಿಸ್ಟ್ರಿ ಎಂಬ ತನ್ನ ನೆನಪಿನ ಕೋಣೆಯಲ್ಲಿ ‘ಇಂಥವರು ಬಂದಿದ್ದಾರೆ, ಇಂಥ ಜಾಗದಲ್ಲಿ ಕೂತಿದ್ದಾರೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಆ ಪ್ರಿಂಟರ್ ಕೆಟ್ಟು ಮೂಲೆ ಸೇರಿದರೂ ಕಂಪ್ಯೂಟರಿಗೆ ಸುದ್ದಿ ಮುಟ್ಟುವುದಿಲ್ಲ. ಈಗ ಬಂದಾರು, ಆಗ ಬಂದಾರು ಎಂದು ಜಾಗ ಕಾದಿರಿಸಿಕೊಂಡೇ ಇರುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿ ಇಳಿದುಹೋದವರನ್ನು ನೋಡಿದ್ದೀರಲ್ಲ? ಅವರು ಬರುವುದಿಲ್ಲ, ಕರ್ಚೀಫು ಏಳುವುದಿಲ್ಲ, ನಿಂತವರಿಗೆ ಕೂರಲು ಜಾಗವಿಲ್ಲ. ಅಂಥ ಕರ್ಚೀಫುಗಳನ್ನು ಎತ್ತುವವನು ಪೊರಕೆ.

ಈ ಕಸುಬಿಗೆ ಬರುವ ಮೊದಲು ಅವನು ರೈಲು ನಿಲ್ದಾಣದ ಲಗೇಜು ಕೋಣೆಯಲ್ಲಿದ್ದ. ಜನ ಬಿಟ್ಟುಹೋದ, ಮರೆತುಹೋದ ಸಾಮಾನುಗಳ ನಡುವೆ ಒಂದು ಸ್ಟೂಲು, ಅದರ ಮೇಲೆ ಇವನು. ಅಲ್ಲಿಯ ಸಂಗತಿಗಳನ್ನು ಅವನು ಹೇಳಿದ್ದಕ್ಕಿಂತ ನಾನು ಹೇಳಿದ್ದೇ ಹೆಚ್ಚು. ಬಾಯಿಂದ ಬಾಯಿಗೆ ಬರುವಾಗ ಸ್ವಲ್ಪ ಉಬ್ಬಿರಬಹುದು, ಬುಡ ಮಾತ್ರ ಗಟ್ಟಿ. ಒಂದು ಕೊಡೆ ಇತ್ತಂತೆ, ಮೋಡ ಕಟ್ಟುವ ಮೊದಲೇ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ನಿಲ್ದಾಣದವರು ಅದರ ಮುಖ ನೋಡಿಯೇ ಬಟ್ಟೆ ಒಗೆಯಲು ಹಾಕುತ್ತಿದ್ದರು. ಒಂದು ಟ್ರಂಕು ಗೊರಕೆ ಹೊಡೆಯುತ್ತಿತ್ತು. ಹೆದರಿಕೊಂಡು ಬೀಗ ಒಡೆದು ನೋಡಿದರೆ ಒಳಗೆ ಬರೀ ಒಂದು ದಿಂಬು, ಇನ್ನೂ ಬೆಚ್ಚಗಿತ್ತು. ಗಾಜಿನ ಲೋಟದಲ್ಲಿ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಇತ್ತು. ‘ರೈಲು ತಡವಾಗಿ ಬರಲಿದೆ’ ಎಂದು ಮೈಕಿನಲ್ಲಿ ಹೇಳಿದಾಗಲೆಲ್ಲ ಆ ಹಲ್ಲು ನಗುತ್ತಿತ್ತು.

ಆ ಕೋಣೆಗೆ ಒಬ್ಬ ಮೇಲ್ವಿಚಾರಕ, ಅವನನ್ನು ಎಲ್ಲರೂ ದೊಡ್ಡಮೀಸೆ ಎಂದು ಕರೆಯುತ್ತಿದ್ದರು. ಅವನದೊಂದು ಕಟ್ಟಳೆ. ಯಾರೂ ಕೇಳಿಕೊಂಡು ಬಾರದ ಸಾಮಾನನ್ನು ಹೊರಗೆ ಹಾಕುವ ಮೊದಲು ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತು ಮೂರು ಸಲ ಕೂಗಬೇಕು. ‘ಇದರ ಕಡೆಯವರು ಯಾರಾದರೂ ಇದ್ದೀರಾ?’ ಮೂರನೆಯ ಕೂಗಿಗೂ ಯಾರೂ ಬಾರದಿದ್ದರೆ ಸಾಮಾನು ಆಚೆಗೆ. ಹೊಸದರಲ್ಲಿ ನಮ್ಮ ಪೊರಕೆಗೆ ನಾಚಿಕೆ. ಕೋಣೆಯೊಳಗೇ ನಿಂತು ಗಂಟಲಲ್ಲೇ ಕೂಗಿ ಮುಗಿಸಿದ್ದ. ದೊಡ್ಡಮೀಸೆ ಕಿವಿ ಹಿಂಡಿ ಹೊರಗೆಳೆದು ತಂದನಂತೆ.

“ಕೂಗೋದು ಅಂದ್ರೆ ಕೂಗೋದು ಕಣಯ್ಯಾ. ಮೆತ್ತಗೆ ಕೂಗಿದ್ರೆ ಅದು ಕೂಗಲ್ಲ, ನಿನ್ನ ಮನಸ್ಸಿನ ಸಮಾಧಾನ.”

ಅವತ್ತು ಎದೆ ಬಿಚ್ಚಿ ಕೂಗಿದ. ಮೂರನೆಯ ಕೂಗಿಗೆ ಎದುರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಮಲಗಿದ್ದವನೊಬ್ಬ ನಿದ್ದೆಯಲ್ಲೇ “ಬಂದೆ” ಅಂದನಂತೆ. ಕಣ್ಣು ಮುಚ್ಚಿಕೊಂಡೇ ಮೇಲ್ಸೇತುವೆ ಹತ್ತಿ ಇಳಿದು, ತನ್ನ ನೀಲಿ ಚೀಲ ತೆಗೆದುಕೊಂಡು, ವಾಪಸು ಹೋಗಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದನಂತೆ. ಎದ್ದ ಮೇಲೆ, ಕಳೆದುಹೋಗಿದ್ದ ಚೀಲ ತಲೆಯಡಿಗೆ ಹೇಗೆ ಬಂತೆಂದು ನಿಲ್ದಾಣವನ್ನೆಲ್ಲ ಕೇಳಿಕೊಂಡು ತಿರುಗಿದನಂತೆ. ಇದನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ಪೊರಕೆ ನಂಬಿದ್ದ. ಅಂದಿನಿಂದ ಅವನ ಕೂಗು ಅವನ ಮೈಗಿಂತ ದೊಡ್ಡದಾಯಿತು.

ಲಗೇಜು ಕೋಣೆ ಮುಚ್ಚಿದ ಮೇಲೆ ಒಂದು ರಿಪೇರಿ ಅಂಗಡಿ ಸೇರಿ ಕಂಪ್ಯೂಟರ್ ಕಲಿತ. ಕೆಲಸ ಬದಲಾಯಿತು, ಕೂಗು ಬದಲಾಗಲಿಲ್ಲ. ಯಾರ ಮನೆಗೆ ಹೋದರೂ ಇವನ ಪದ್ಧತಿ ಒಂದೇ. ಮೊದಲು ರಿಜಿಸ್ಟ್ರಿಯ ನಕಲೊಂದನ್ನು ಪಕ್ಕಕ್ಕೆ ತೆಗೆದಿಡುತ್ತಾನೆ. ಅದಕ್ಕೆ ಅವನು ಗಂಟು ಕಟ್ಟುವುದು ಎನ್ನುತ್ತಾನೆ. ಆಮೇಲೆ, ಬಚ್ಚಿಟ್ಟುಕೊಂಡವರನ್ನೂ ತೋರಿಸು ಎಂದು ಕಂಪ್ಯೂಟರಿಗೆ ಹೇಳುತ್ತಾನೆ. ಆಗ ಪರದೆಯ ಮೇಲೆ ಹಳೆಯ ಹೆಸರುಗಳು ಒಂದೊಂದಾಗಿ ಮೇಲೆ ಬರುತ್ತವೆ. ಇರುವವು ಗಾಢ ಬಣ್ಣ, ಹೋದವು ಮಸುಕು. ಎಂಥ ಮಸುಕು ಎಂದರೆ, ಬೆಳಗಿನ ಜಾವದ ಕನಸು ಕಣ್ಣು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಗೋಡೆಯ ಮೇಲೆ ಉಳಿದಿರುತ್ತದಲ್ಲ, ಆ ಬಣ್ಣ. ಪೊರಕೆ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾನೆ.

“ಕಪ್ಪು ಪ್ರಿಂಟರಿನ ಕಡೆಯವರು ಯಾರಾದ್ರೂ ಇದೀರಾಆಆ?”

ಅಡುಗೆಮನೆಯಿಂದ ಉತ್ತರ ಬರುತ್ತದೆ: “ಅದು ಸತ್ತು ಯಾವ ಕಾಲ ಆಯ್ತೋ, ಹಾಕಪ್ಪ ಆಚೆಗೆ!” ಇಲ್ಲವೇ ಸ್ನಾನದ ಕೋಣೆಯಿಂದ: “ಅಯ್ಯೋ ಮುಟ್ಬೇಡ, ಅದು ನನ್ ಕ್ಯಾಮೆರಾ, ರಿಪೇರಿಗೆ ಕೊಟ್ಟಿದೀನಿ!” ಮೊದಮೊದಲು ಜನ ನಗುತ್ತಿದ್ದರು. ನನ್ನ ಹೆಂಡತಿಯಂತೂ, “ನನ್ ತಮ್ಮ ಇನ್ನೊಂದು ಸ್ವಲ್ಪ ಓದಿದ್ದಿದ್ರೆ ಹರಾಜು ಕೂಗೋನಾಗ್ತಿದ್ದ,” ಎನ್ನುತ್ತಿದ್ದಳು. ಆದರೆ ಅವನು ಗುಡಿಸಿದ ಮನೆಯಲ್ಲಿ ಇರುವ ಸಾಮಾನು ಕೆಟ್ಟಿತು ಎಂಬ ದೂರು ಬಂದದ್ದಿಲ್ಲ. ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ ಕಥೆಯೇ ಇದು, ಮತ್ತು ಅದು ನಡೆದದ್ದು ನಮ್ಮ ಮನೆಯ ಮಹಡಿಯಲ್ಲೇ.

ಮಹಡಿಯ ಕೋಣೆ ನನ್ನ ಅಕ್ಕನದು. ಮೊಮ್ಮಕ್ಕಳು ನನ್ನನ್ನು ಅಜ್ಜ ಎನ್ನುತ್ತಾರೆ, ಬೀದಿಯವರು ಯಜಮಾನರು ಎನ್ನುತ್ತಾರೆ, ಅಕ್ಕ ಮಾತ್ರ ಇವತ್ತಿಗೂ “ಲೋ ಪುಟ್ಟಾ” ಎನ್ನುತ್ತಾಳೆ. ಅವಳ ಕೋಣೆಯ ತುಂಬ ಒಂದು ಹೆಣಿಗೆ ಯಂತ್ರ. ಉದ್ದನೆಯ ಕಬ್ಬಿಣದ ಹಾಸು, ಅದರ ಮೇಲೆ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಸೂಜಿಗಳು, ಸೂಜಿಗಳ ಮೇಲೆ ಅತ್ತಿಂದಿತ್ತ ಓಡುವ ಒಂದು ಪುಟ್ಟ ಗಾಡಿ. ಯಾವ ಸೂಜಿ ಯಾವ ಬಣ್ಣ ಹಿಡಿಯಬೇಕೆಂದು ಪಕ್ಕದ ಕಂಪ್ಯೂಟರ್ ಒಂದು ಕೇಬಲ್ಲಿನ ಮೂಲಕ ಹೇಳಿಕೊಡುತ್ತದೆ. ಕಂಪ್ಯೂಟರಿನಲ್ಲಿರುವ ಹೆಣಿಗೆಯ ಪ್ರೋಗ್ರಾಮ್ ಬಲು ಹಳೆಯದು. ಹೊಸ ಕಂಪ್ಯೂಟರಿಗೆ ಹಾಕಿದರೆ ಓಡುವುದಿಲ್ಲ, ಹಾಕಿ ನೋಡಿಯಾಗಿದೆ. ಹಾಗಾಗಿ ಮೂರೂ ಮುದಿ ಜೀವಗಳು, ಅಂದರೆ ಯಂತ್ರ, ಕಂಪ್ಯೂಟರ್ ಮತ್ತು ಅಕ್ಕ, ಒಂದನ್ನೊಂದು ಹಿಡಿದುಕೊಂಡು ಕಾಲ ಹಾಕುತ್ತಿದ್ದವು.

ಅಕ್ಕ ಹೆಣೆಯುತ್ತಿದ್ದುದು ಒಂದು ನದಿಯನ್ನು. ಉಳಿದವರಿಗೆ ನಿದ್ದೆ ಮಾಡಿದರೆ ಕನಸು ಬೀಳುತ್ತದೆ. ಅಕ್ಕ ಕನಸಿಗಾಗಿಯೇ ನಿದ್ದೆ ಮಾಡುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ, ಕಿಟಕಿಯ ಪರದೆ ಅರ್ಧ ಎಳೆದು, ಮಂಚದ ಮೇಲೆ ಒರಗಿ, ನದಿ ಎಲ್ಲಿಗೆ ಬಂತೆಂದು ನೋಡಲು ಹೋಗುತ್ತಾಳೆ. ಆ ನದಿ ಹುಟ್ಟಿದ್ದು ಬೆಟ್ಟದಲ್ಲಲ್ಲ, ನಮ್ಮ ಅಡುಗೆಮನೆಯ ಸೋರುವ ನಲ್ಲಿಯಲ್ಲಿ. ಅಲ್ಲಿಂದ ಬಾಗಿಲ ಸಂದಿಯಲ್ಲಿ ನುಸುಳಿ, ಮೆಟ್ಟಿಲ ಮೇಲಿಂದ ಇಳಿದು, ಬೀದಿಗೆ ಬಿದ್ದು ಅಗಲವಾಯಿತು. ಬೀದಿಯ ಮನೆಗಳೆಲ್ಲ ಅದರೊಳಗೆ ತಲೆಕೆಳಗಾಗಿ ನಿಂತು ದೀಪ ಹಚ್ಚಿಕೊಂಡವು. ಮೀನುಗಳು ಅಂಚೆಪೆಟ್ಟಿಗೆಯೊಳಗೆ ಹೋಗಿ ಬಂದವು. ಎದ್ದ ಕೂಡಲೇ ಅಕ್ಕ ಕಣ್ಣು ಪೂರ್ತಿ ತೆರೆಯದೆ ಕಂಪ್ಯೂಟರಿನ ಮುಂದೆ ಕೂತು, ಕಂಡಷ್ಟನ್ನು ಚೌಕ ಚೌಕವಾಗಿ ಬಣ್ಣ ತುಂಬಿ ಇಡುತ್ತಿದ್ದಳು. ಸಂಜೆಗೆ ಗಾಡಿ ಸರಕ್ ಸರಕ್ ಎಂದು ಓಡಿ ಅಷ್ಟು ನದಿ ಉಣ್ಣೆಯಾಗಿ ಕೆಳಗಿಳಿಯುತ್ತಿತ್ತು. ಅದನ್ನು ಶಾಲು ಎಂದೇ ಶುರು ಮಾಡಿದ್ದು. ಆಮೇಲೆ ಅದು ಮಂಚ ಸುತ್ತಿ, ಕುರ್ಚಿ ದಾಟಿ, ಬಾಗಿಲ ಕಡೆ ಹೊರಟಿತ್ತು. ಇಡೀ ಬೀದಿ ಒಂದೇ ಶಾಲು ಹೊದ್ದು ಮಲಗಬಹುದು ಎಂದು ನಾನು ಆಡಿಕೊಂಡರೆ, “ಮಲಗಲಿ ಬಿಡು, ನಿನ್ನ ಗೊರಕೆಗೆ ಯಾರು ನಿದ್ದೆ ಮಾಡ್ತಾರೆ ಅನ್ನೋದೇ ಪ್ರಶ್ನೆ,” ಎನ್ನುತ್ತಿದ್ದಳು.

ಈ ನಡುವೆ ಹಳೆಯ ಕೇಬಲ್ಲು ಮುರಿಯಿತು. ಅಂಗಡಿಯಿಂದ ಹೊಸದು ತಂದೆವು. ಕೆಲವು ದಿನ ನಡೆಯಿತು. ಒಂದು ಸಂಜೆ ಗುಂಡಿ ಒತ್ತಿದರೆ ಗಾಡಿ ಅಲ್ಲಾಡಲಿಲ್ಲ. ‘ಯಂತ್ರ ಸಿಗುತ್ತಿಲ್ಲ’ ಎಂದು ಪ್ರೋಗ್ರಾಮ್ ಕೈ ತೊಳೆದುಕೊಂಡಿತು. ಕೋಣೆಯ ನಡುವೆ ನಿಂತ ಯಂತ್ರಕ್ಕೆ ತಾಗಿಕೊಂಡೇ ಇದ್ದ ಕಂಪ್ಯೂಟರಿಗೆ ಯಂತ್ರ ಸಿಗುತ್ತಿಲ್ಲವಂತೆ! ನದಿ ಒಂದು ತಿರುವಿನಲ್ಲಿ ಸೂಜಿಗಳಿಗೆ ಸಿಕ್ಕಿಕೊಂಡು ನೇತಾಡತೊಡಗಿತು.

ಕೆಟ್ಟದ್ದು ಯಂತ್ರ ಮಾತ್ರವಾಗಿದ್ದರೆ ಸರಿ. ಅಕ್ಕನ ನಿದ್ದೆಯೂ ಕೆಟ್ಟಿತು.

“ನೀರು ಬರ್ತಿಲ್ಲ ಕಣೋ ಪುಟ್ಟ,” ಅಂದಳು ಒಂದು ಬೆಳಿಗ್ಗೆ. “ಕಣ್ಣು ಮುಚ್ಚಿದ್ರೆ ದಡ ಕಾಣುತ್ತೆ, ಕಲ್ಲು ಕಾಣುತ್ತೆ. ಎಲ್ಲಾ ಒಣಗಿ ಕೂತಿದೆ. ಕಾದು ಕಾದು ಎಚ್ಚರ ಆಗ್ಬಿಡುತ್ತೆ. ನಂಗಿದು ಆಗಲ್ಲ. ಗುಜರಿಯವನಿಗೆ ಹೇಳಿದೀನಿ, ಇವತ್ತು ಸಂಜೆ ಬರ್ತಾನೆ. ಯಂತ್ರ, ಕಂಪ್ಯೂಟರ್, ಎರಡೂ ಹೋಗ್ಲಿ. ಅರ್ಧ ನದಿ ಕಣ್ಣೆದುರು ನೇತಾಡ್ತಿದ್ರೆ ಯಾರಿಗೆ ನಿದ್ದೆ ಬರುತ್ತೆ?”

ಅಕ್ಕ ಒಂದು ಸಲ ಹೇಳಿದರೆ ಮುಗಿಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಪೊರಕೆಯ ಅಂಗಡಿಗೆ ಓಡಿದೆ. ಓಡಿದೆ ಎಂದರೆ, ನನ್ನ ವಯಸ್ಸಿನವರು ಓಡಿದೆ ಎಂದಾಗ ಏನು ತಿಳಿಯಬೇಕೋ ಅಷ್ಟು. 

ಪೊರಕೆ ಊಟದ ಹೊತ್ತಿಗೆ ಬಂದ. ಕೋಣೆಯೊಳಗೆ ಬಿಸಿಲು ಪರದೆಯಿಂದ ಸೋಸಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಗಾಳಿಯಲ್ಲಿ ಉಣ್ಣೆಯ ನವಿರು ಎಳೆಗಳು ತೇಲುತ್ತಿದ್ದವು. ಅವನು ಕಂಪ್ಯೂಟರ್ ಹಚ್ಚಿ, ಬಚ್ಚಿಟ್ಟುಕೊಂಡವರನ್ನು ಕರೆದ. ಮಸುಕು ಹೆಸರುಗಳು ಮೇಲೆ ಬಂದವು, ಬಂದವು, ಬರುತ್ತಲೇ ಇದ್ದವು. ಪೊರಕೆ ಬಾಯಿ ತೆರೆದುಕೊಂಡು ನೋಡಿದ.

“ಅಕ್ಕಾ, ಈ ಕೇಬಲ್ನ ಯಾವ ತೂತಿಗೆ ಹಾಕ್ತೀರಿ?”

“ಯಾವ ತೂತಿಗೆ ಅಂದ್ರೆ? ಎಲ್ಲಾದಕ್ಕೂ. ಸರದಿ ಪ್ರಕಾರ.”

“ಸರದಿನಾ?”

“ಹೂಂ ಮತ್ತೆ. ಒಂದೇ ತೂತು ಯಾಕಪ್ಪ ದುಡೀಬೇಕು? ಪಕ್ಕದವು ಬಾಯಿ ಬಿಟ್ಕೊಂಡು ನೋಡ್ತಾ ಕೂತಿರ್ಬೇಕಾ? ಇವತ್ತು ಇದು, ನಾಳೆ ಅದು. ಪ್ರಿಂಟರಿಗೂ ಹಾಗೇ, ಮೌಸಿಗೂ ಹಾಗೇ. ನಮ್ಮಮ್ಮ ನಮ್ಮನ್ನ ಬೆಳೆಸಿದ್ದೇ ಹೀಗೆ. ಬೇಕಾದ್ರೆ ನಿನ್ನ ಭಾವನ್ನ ಕೇಳು, ಪಾತ್ರೆ ಉಜ್ಜೋಕೂ ಸರದಿ ಇತ್ತು.”

“ಇತ್ತು ಇತ್ತು,” ಅಂದೆ. “ಇವಳ ಸರದಿ ಬಂದಾಗ ಇವಳಿಗೆ ಜ್ವರ ಬರ್ತಿತ್ತು.”

ಇರುವ ತೂತುಗಳಿಗೆ ಬಿಡುವು ಸಾಲದೆಂದು ಅಕ್ಕ ಹೊರಗಿನಿಂದ ಇನ್ನಷ್ಟು ತೂತುಗಳ ಒಂದು ಪೆಟ್ಟಿಗೆಯನ್ನೂ ತಂದು ಸೇರಿಸಿದ್ದಳು. ಪೊರಕೆ ಹಣೆಗೆ ಕೈ ಹಚ್ಚಿಕೊಂಡ.

“ಅಕ್ಕಾ, ತೂತು ಬದಲಾಯ್ಸಿದ್ರೆ ಈ ಕೇಬಲ್ನ ಕಂಪ್ಯೂಟರ್ ಹೊಸ ನೆಂಟ ಅಂದ್ಕೊಳ್ಳುತ್ತೆ. ಹೊಸ ನಂಬರಿನ ಬಾಗಿಲು ಕೊಟ್ಟು ಕೂರಿಸುತ್ತೆ. ಹಳೇ ಬಾಗಿಲನ್ನ ಖಾಲಿ ಮಾಡಲ್ಲ, ನೆಂಟ ವಾಪಸ್ ಬಂದಾನು ಅಂತ. ನಿಮ್ಮ ಹೆಣಿಗೆ ಪ್ರೋಗ್ರಾಮಿಗೋ ಒಂಬತ್ತನೇ ಬಾಗಿಲು ದಾಟಿದ್ರೆ ಕಣ್ಣು ಕಾಣಲ್ಲ. ಹಳೇ ಕೇಬಲ್ಲು, ಹೊಸ ಕೇಬಲ್ಲು, ಎರಡೂ ಸರದಿ ಮೇಲೆ ಊರೆಲ್ಲ ತಿರುಗಿ, ಈಗ ನಿಮ್ಮ ಯಂತ್ರ ಎಲ್ಲೋ ನಲವತ್ತನೇ ಬಾಗಿಲ ಹಿಂದೆ ಕೂತಿದೆ. ಪ್ರೋಗ್ರಾಮ್ ಇಲ್ಲಿಂದ ಕೂಗುತ್ತೆ, ಯಂತ್ರ ಅಲ್ಲಿಂದ ಕೂಗುತ್ತೆ, ಒಂದಕ್ಕೊಂದು ಕೇಳ್ಸಲ್ಲ.”

ಅಕ್ಕನ ಮುಖ ಸಪ್ಪಗಾಯಿತು. “ನ್ಯಾಯವಾಗಿ ನಡ್ಕೊಂಡಿದ್ದಕ್ಕೆ ಹೀಗಾ?”

“ನ್ಯಾಯ ಸರಿ ಅಕ್ಕ. ಕಂಪ್ಯೂಟರಿಗೆ ಮರೆವು ಅನ್ನೋದಿಲ್ಲ, ಅದೇ ತೊಂದ್ರೆ. ಖಾಲಿ ಬಾಗಿಲುಗಳನ್ನೆಲ್ಲ ಬಿಡಿಸಿದ್ರೆ ನಿಮ್ಮ ಕೇಬಲ್ಲು ಮೊದಲ ಸಾಲಿಗೆ ಬಂದು ಕೂರುತ್ತೆ. ನದಿ ಹರಿಯುತ್ತೆ.”

“ಹಂಗಾದ್ರೆ ಗುಡಿಸು. ಗುಜರಿಯವನು ಬರೋದ್ರೊಳಗೆ ಆದ್ರೆ ಸರಿ, ಇಲ್ದಿದ್ರೆ ಇಲ್ಲ,” ಎಂದು ಅಕ್ಕ ಮಂಚದ ಮೇಲೆ ಒರಗಿದಳು.

ಪೊರಕೆ ಎಲ್ಲ ಕೇಬಲ್ಲುಗಳನ್ನೂ ಕಿತ್ತು, ಬ್ರಷ್ಷಿನಿಂದ ತೂತುಗಳ ಧೂಳು ತೆಗೆದು, ಮೌಸು, ಕೀಬೋರ್ಡು ಮಾತ್ರ ವಾಪಸು ಚುಚ್ಚಿದ. ಗಂಟು ಕಟ್ಟಿಟ್ಟ. ಎದ್ದು ನಿಂತು ಶುರುಮಾಡಿದ.

“ಬಿಳಿ ಪ್ರಿಂಟರಿನ ಕಡೆಯವರು ಯಾರಾದ್ರೂ ಇದೀರಾಆಆ?”

“ಮಂಚದ ಕೆಳಗಿದೆ, ಹಲ್ಲು ಕಚ್ಕೊಂಡು ಸತ್ತಿದೆ. ತೆಗಿ,” ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

“ಕೆಂಪು ಮೌಸಿನ ಕಡೆಯವರುಉಉ?”

“ಅದು ನಿನ್ ಭಾವ ಕಾಫಿಲಿ ಮುಳುಗಿಸಿದ್ದು. ತೆಗಿ.”

ಹೀಗೆ ಒಂದಷ್ಟು ನಡೆಯಿತು. ಆಮೇಲೆ ಒಂದು ಕೂಗಿಗೆ ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅಕ್ಕನ ಕೈ ಮಂಚದಿಂದ ಕೆಳಗೆ ಜೋತಾಡುತ್ತಿದೆ, ಉಸಿರು ನಿಧಾನವಾಗಿದೆ. ಎಷ್ಟೋ ದಿನಗಳ ಮೇಲೆ ಅವಳಿಗೆ ನಿದ್ದೆ ಹತ್ತಿತ್ತು. ಪೊರಕೆ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನ ಕೂಗು ಇಳಿಯಿತು. ಮಾತಾಯಿತು, ಪಿಸುಮಾತಾಯಿತು, ಕೊನೆಗೆ ಉಸಿರಾಯಿತು.

“ಇದರ ಕಡೆಯವರು ಯಾರಾದ್ರೂ…”

ಆ ಹೊತ್ತನ್ನು ಹೇಗೆ ಹೇಳಲಿ. ಬಿಸಿಲು ನೆಲದ ಮೇಲೆ ಬೆಕ್ಕಿನಂತೆ ಮೈ ಚಾಚಿತ್ತು. ಉಣ್ಣೆಯ ಎಳೆಗಳು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತಿದ್ದವು. ನನಗೂ ರೆಪ್ಪೆ ಭಾರವಾಗಿ, ಆ ಮಸುಕು ಸಾಮಾನುಗಳೆಲ್ಲ ಪರದೆಯಿಂದ ಇಳಿದು ಬರುವುದು ಕಾಣಿಸಿತು. ಪ್ರಿಂಟರು ಕಾಗದದ ನಾಲಿಗೆ ಒಳಗೆಳೆದುಕೊಂಡು ನಡೆಯಿತು. ಮೌಸುಗಳು ಬಾಲ ಸುತ್ತಿಕೊಂಡು ಸಾಲಾಗಿ ಹೋದವು. ಹೆಸರು ಗೊತ್ತಿಲ್ಲದ ಪುಟ್ಟ ಪೆಟ್ಟಿಗೆಗಳು, ಬಸ್ಸಿಳಿದ ನೆಂಟರ ಹಾಗೆ, ಚೀಲ ಬಗಲಿಗೆ ಹಾಕಿಕೊಂಡು ನನಗೆ ತಲೆಬಾಗಿ ಬಾಗಿಲು ದಾಟಿದವು. ಒಂದೂ ಸದ್ದು ಮಾಡಲಿಲ್ಲ, ಅಕ್ಕನಿಗೆ ಎಚ್ಚರವಾದೀತೆಂದು.

“ಭಾವಾ,” ಎಂದು ಪೊರಕೆ ನನ್ನ ಮೊಣಕೈ ಮುಟ್ಟಿದಾಗ ಕಣ್ಣು ಬಿಟ್ಟೆ. ಅವನ ಮುಖ ಸುಣ್ಣದ ಹಾಗಿತ್ತು. “ಎಲ್ಲಾ ಗುಡಿಸಿಯಾಯ್ತು. ಯಂತ್ರದ ಕೇಬಲ್ ವಾಪಸ್ ಹಾಕ್ದೆ. ಇದ್ಯಾರು ಅಂತ ಕೇಳ್ತಿದೆ.”

“ಯಾರು?”

“ಕಂಪ್ಯೂಟರು. ನಂಗೆ ಇವ್ರ ಪರಿಚಯವೇ ಇಲ್ಲ ಅಂತಿದೆ.”

ಆದದ್ದಿಷ್ಟು. ತೂತು ಒರೆಸಲು ಅವನೇ ಎಲ್ಲ ಕೇಬಲ್ಲು ಕಿತ್ತಿದ್ದನಲ್ಲ, ಆಗ ಬದುಕಿರುವ ಕೇಬಲ್ಲೂ ಹೋದವರ ಜೊತೆ ಮಸುಕಾಗಿ ನಿಂತಿತ್ತು. ಹಳೆಯ ಕೇಬಲ್ಲು, ಹೊಸ ಕೇಬಲ್ಲು, ಹೆಸರು ಹೆಚ್ಚು ಕಮ್ಮಿ ಒಂದೇ ಥರ. ಅವನು ಕೇಳಿದ್ದ, “ಈ ಕೇಬಲ್ಲಿನ ಕಡೆಯವರು?” ಎಂದು, ಮೂರು ಸಲ. ಅಕ್ಕ ಎಚ್ಚರವಿದ್ದಿದ್ದರೆ “ಅಯ್ಯೋ ಅದು ನಂದು!” ಎನ್ನುತ್ತಿದ್ದಳು. ಆದರೆ ಕೇಳಿದ್ದು ಉಸಿರಿನಲ್ಲಿ. ಉತ್ತರ ಬರಲಿಲ್ಲವೆಂದು ಕೇಬಲ್ಲಿನ ಗುರುತನ್ನೂ ಅಳಿಸಿ, ಅದರ ದಲ್ಲಾಳಿಯನ್ನೂ ಮನೆಯಿಂದ ಓಡಿಸಿಬಿಟ್ಟಿದ್ದ.

“ಗಂಟು ಇದೆಯಲ್ಲೋ, ಬಿಚ್ಚು,” ಅಂದೆ.

“ಗಂಟಲ್ಲಿ ಹೆಸರಿದೆ ಭಾವ, ಆಸಾಮಿ ಇಲ್ಲ. ಡ್ರೈವರೇ ಬೇಕು. ಕೇಬಲ್ ಜೊತೆ ಒಂದು ಸಣ್ಣ ಡಿಸ್ಕ್ ಬಂದಿರುತ್ತೆ, ಅದ್ರಲ್ಲಿ ಇರುತ್ತೆ. ಈಗ ಬರೋ ಹೊಸ ಡ್ರೈವರುಗಳು ಈ ಮುದಿ ಕಂಪ್ಯೂಟರಿನ ಮುಖಾನೂ ನೋಡಲ್ಲ. ಆ ಡಿಸ್ಕೇ ಆಗ್ಬೇಕು.”

ಹುಡುಕಿದೆವು. ಮೇಜಿನ ಡ್ರಾಯರಿನಲ್ಲಿ ಗುಂಡಿಗಳು, ಒಡೆದ ಸೂಜಿಗಳು. ಉಣ್ಣೆಯ ಬುಟ್ಟಿಯಲ್ಲಿ ಉಣ್ಣೆ. ಕಪಾಟಿನ ಮೇಲೆ ನಾನು ಕಳೆದುಕೊಂಡಿದ್ದ ಕನ್ನಡಕ. ಡಿಸ್ಕಿಲ್ಲ.

“ಅಕ್ಕನ್ನೇ ಎಬ್ಬಿಸೋಣ ಕಣೋ.”

“ಬೇಡ ಭಾವ. ಎಷ್ಟು ದಿನದ ಮೇಲೆ ಕಣ್ಣು ಮುಚ್ಚಿದಾರೆ. ನಾನು ಮಾಡಿದ್ದಕ್ಕೆ ಅವ್ರ ನಿದ್ದೆ ಯಾಕೆ ಹಾಳಾಗ್ಬೇಕು?”

ಅಷ್ಟರಲ್ಲಿ ಬೀದಿಯಲ್ಲಿ ಗುಜರಿಯವನ ಗಂಟೆ ಟಿಣಿಟಿಣಿ ಎಂದಿತು. ನನ್ನ ಹೆಂಡತಿ ಕೆಳಗಿನಿಂದ, “ರೀ, ಗುಜರಿಯವ್ರು ಬಂದಿದಾರೆ, ಮೇಲೆ ಕಳಿಸ್ಲಾ?” ಎಂದು ಕೇಳಿ, ನಮ್ಮ ಉತ್ತರಕ್ಕೂ ಕಾಯದೆ ಕಳಿಸಿಯೇಬಿಟ್ಟಳು. ದಪ್ಪನೆಯ ಮನುಷ್ಯ, ಹೆಗಲ ಮೇಲೆ ತಕ್ಕಡಿ. ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಮಂಚ ಸುತ್ತಿ ಹರಿದಿದ್ದ ನದಿಯನ್ನು ಕಂಡು ಕಾಲು ಹಿಂದೆ ತೆಗೆದ, ಒದ್ದೆಯಾದೀತೇನೋ ಎನ್ನುವವನ ಹಾಗೆ.

“ಯಜಮಾನ್ರೇ, ಇದೇನಾ ಯಂತ್ರ?” ಎಂದ, ಅವನೂ ಪಿಸುಮಾತಿನಲ್ಲೇ. ಮಲಗಿದವರ ಮನೆಯಲ್ಲಿ ಗುಜರಿಯವನಿಗೂ ದನಿ ತಗ್ಗುತ್ತದೆ. “ಶಾಲು ಕತ್ತರಿಸಿ ಬಿಡಿಸ್ಕೋಬೇಕಲ್ಲ. ಕತ್ತರಿ ಇದೆಯಾ?”

ಕತ್ತರಿ ಎಂಬ ಮಾತು ಪೊರಕೆಯ ಕಿವಿಗೆ ಬಿತ್ತು. ಅವನು ಅಕ್ಕನನ್ನು ನೋಡಿದ. ಸೂಜಿಗೆ ಸಿಕ್ಕಿಕೊಂಡಿದ್ದ ತಿರುವನ್ನು ನೋಡಿದ. ಆಮೇಲೆ ಬಾಲ್ಕನಿಯ ಬಾಗಿಲಿಗೆ ಹೋಗಿ, ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತ. ಎದೆ ತುಂಬ ಉಸಿರೆಳೆದ.

“ಕೇಬಲ್ಲಿನ ಡಿಸ್ಕಿನ ಕಡೆಯವರು ಯಾರಾದ್ರೂ ಇದೀರಾಆಆಆ?”

ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಬೀದಿಯ ನಾಯಿ ಬೊಗಳುವುದನ್ನು ಮರೆಯಿತು. ಗುಜರಿಯವನ ತಕ್ಕಡಿ ತಾನಾಗಿ ಒಂದು ಕಡೆ ವಾಲಿತು. ಅಕ್ಕ ಏಳಲಿಲ್ಲ.

“ಕೇಬಲ್ಲಿನ ಡಿಸ್ಕಿನ ಕಡೆಯವರುಉಉಉ!”

ಎದುರುಮನೆಯ ಮಹಡಿಯಿಂದ ಯಾರೋ, “ನಮ್ಮನೇಲಿಲ್ಲಪ್ಪಾ!” ಎಂದು ಕೂಗಿ ಹೇಳಿದರು. ಅಕ್ಕ ಮಗ್ಗುಲು ಬದಲಿಸಿದಳು. ಮೂರನೆಯದನ್ನು ಅವನು ಕಣ್ಣು ಮುಚ್ಚಿಕೊಂಡು ಕೂಗಿದ. ಆ ಕೂಗಿನಲ್ಲಿ ಲಗೇಜು ಕೋಣೆಯ ಕೊಡೆಗಳೂ ಟ್ರಂಕುಗಳೂ ದೊಡ್ಡಮೀಸೆಯೂ ಒಟ್ಟಿಗೆ ಕೂಗಿದ ಹಾಗಿತ್ತು.

“ಬಂದೆ,” ಅಂದಳು ಅಕ್ಕ.

ಕಣ್ಣು ಇನ್ನೂ ಮುಚ್ಚಿತ್ತು. ಎದ್ದು ಕೂತು, ಕೈ ಚಾಚಿ, ಪೊರಕೆ ನಿಂತಿದ್ದ ಕಡೆಗೇ ಬೆರಳು ತೋರಿಸಿದಳು. “ಅಲ್ಲೇ ನಿಂತು ಕೂಗ್ತಿದೀಯಲ್ಲೋ, ನಿನ್ನ ತಲೆ ಮೇಲೇ ಇದೆ. ಪಾರಿವಾಳ ಓಡ್ಸೋಕೆ ಕಟ್ಟಿದೀನಿ.”

ತಲೆ ಎತ್ತಿ ನೋಡಿದರೆ, ಬಾಲ್ಕನಿಯ ತಂತಿಯಿಂದ ಕೆಂಪು ಉಣ್ಣೆಯ ದಾರದಲ್ಲಿ ಒಂದು ಡಿಸ್ಕು ತೂಗುತ್ತಿತ್ತು. ಮೆಲ್ಲನೆ ತಿರುಗುತ್ತ, ಪೊರಕೆಯ ಕೆದರಿದ ಕೂದಲ ಮೇಲೆ ಕಾಮನಬಿಲ್ಲಿನ ತುಂಡುಗಳನ್ನು ಚೆಲ್ಲುತ್ತಿತ್ತು. ಪಾರಿವಾಳಗಳು ಅದಕ್ಕೆ ಹೆದರಿದ್ದವೋ ಇಲ್ಲವೋ, ತಮ್ಮ ಅಭಿಪ್ರಾಯವನ್ನಂತೂ ಅದರ ಮೇಲೆ ಧಾರಾಳವಾಗಿ ಬಿಟ್ಟುಹೋಗಿದ್ದವು.

ಸೋಪು ಹಾಕಿ ತೊಳೆದೆವು. ನನ್ನ ಹೆಂಡತಿ ಸೀರೆಯ ಸೆರಗಿನಲ್ಲಿ ಒರೆಸಿ, “ಬಿಸಿಲಲ್ಲಿ ಬೆಂದು ಹಪ್ಪಳ ಆಗಿದೆ, ಇದ್ರಲ್ಲೇನು ಉಳಿದಿರುತ್ತೆ?” ಎಂದು ತಮ್ಮನ ಕೈಗಿಟ್ಟಳು. ಕಂಪ್ಯೂಟರ್ ಅದನ್ನು ನುಂಗಿತು. ಗರಗರ ಎಂದಿತು, ಕೆಮ್ಮಿತು, ನಿಂತಿತು. ಮತ್ತೆ ಗರಗರ. ಗುಜರಿಯವನೂ ಸೇರಿ ನಾವೆಲ್ಲ ಕತ್ತು ಚಾಚಿ ನಿಂತಿದ್ದೆವು. ಪೊರಕೆ ಪರದೆಯನ್ನೇ ನೋಡುತ್ತ, “ಬಾರಪ್ಪ, ಬಾ, ತಪ್ಪಾಯ್ತು, ಬಾ,” ಎಂದು ಮುನಿಸಿಕೊಂಡ ನೆಂಟನನ್ನು ಕರೆಯುವ ಹಾಗೆ ಗೊಣಗುತ್ತಿದ್ದ.

ದಲ್ಲಾಳಿ ಬಂದ. ಖಾಲಿಯಾಗಿದ್ದ ಬಾಗಿಲುಗಳಲ್ಲಿ ಎಲ್ಲಕ್ಕಿಂತ ಮುಂದಿನದನ್ನು ಹಿಡಿದು ಕೂತ. ಮಸುಕಾಗಿದ್ದ ಹೆಸರು ಗಾಢವಾಗಿ ಬೆಳಗಿತು. ಅಕ್ಕ ಬಂದು ಗುಂಡಿ ಒತ್ತಿದಳು. ಗಾಡಿ ಒಂದು ಕ್ಷಣ ಯೋಚಿಸಿತು. ಆಮೇಲೆ, ಸರಕ್. ಸರಕ್. ನದಿ ತಿರುವು ದಾಟಿತು.

“ನಂಗೆ ಮೊದ್ಲೇ ಗೊತ್ತಿತ್ತು,” ಅಂದಳು ಅಕ್ಕ ನಿಧಾನವಾಗಿ. “ಈಗ ನಿದ್ದೇಲಿ ನದಿ ದಡದಲ್ಲಿ ಕೂತಿದ್ದೆ. ಯಾರೋ ದೂರದಿಂದ ಕೂಗಿದ್ರು. ತಿರುಗಿ ನೋಡಿದ್ರೆ ಕಲ್ಲೆಲ್ಲ ಒದ್ದೆಯಾಗಿತ್ತು.”

ಗುಜರಿಯವನು ಕೆಮ್ಮಿದ. “ಹಂಗಾದ್ರೆ ಅಮ್ಮಾ, ನಾನು ಬಂದಿದ್ದು?”

ಅಕ್ಕ ಮಂಚದ ಕೆಳಗಿನಿಂದ ಬಿಳಿ ಪ್ರಿಂಟರನ್ನು ಎಳೆದು ಕೊಟ್ಟಳು. ಅವನು ಎತ್ತಿಕೊಳ್ಳಲು ಬಗ್ಗಿದ. ಪೊರಕೆ ಅಡ್ಡ ಬಂದು, “ಸ್ವಲ್ಪ ತಡೀರಿ,” ಎಂದ. ಅಕ್ಕ ಅದನ್ನು ಬಿಟ್ಟುಕೊಟ್ಟು ಎಷ್ಟೋ ಹೊತ್ತಾಗಿತ್ತು, ಆದರೂ ಬಾಲ್ಕನಿಗೆ ಹೋಗಿ ಮತ್ತೊಮ್ಮೆ ಮೂರು ಸಲ ಕೂಗಿ ಬಂದ, ಪೂರ್ತಿ ಗಂಟಲಿನಲ್ಲಿ. ಅಂದಿನಿಂದ ಅವನು ಯಾರ ಮನೆಯಲ್ಲೂ ದನಿ ತಗ್ಗಿಸಿದ್ದಿಲ್ಲ. ಮಲಗಿದವರಿದ್ದರೆ ಹೊರಗೆ ಕಟ್ಟೆಯ ಮೇಲೆ ಕೂತು ಅವರು ಏಳುವವರೆಗೆ ಕಾಯುತ್ತಾನೆ, ಕೆಲವು ಸಲ ತಾನೂ ಮಲಗಿಬಿಡುತ್ತಾನೆ.

ಹೊರಡುವಾಗ ಅಕ್ಕನ ಕೈ ಹಿಡಿದು, “ಇನ್ಮೇಲೆ ಒಂದೇ ತೂತು ಅಕ್ಕ. ದಯವಿಟ್ಟು,” ಎಂದ.

ಅಕ್ಕ ಬಹಳ ಹೊತ್ತು ಆ ತೂತುಗಳನ್ನೇ ನೋಡುತ್ತ ಕೂತಿದ್ದಳು. ಒಂದನ್ನು ದುಡಿಸಿ ಉಳಿದವನ್ನು ಕಡೆಗಣಿಸುವುದು ಅವಳ ಜಾಯಮಾನಕ್ಕೆ ಒಗ್ಗದ ಕೆಲಸ. ಮರುದಿನ ಟೀ ತೆಗೆದುಕೊಂಡು ಮೇಲೆ ಹೋದರೆ, ಕೆಲಸವಿಲ್ಲದ ಪ್ರತಿಯೊಂದು ತೂತಿಗೂ ಬೆರಳಿನ ಉಗುರಿನಷ್ಟು ಪುಟ್ಟ ಉಣ್ಣೆಯ ಟೋಪಿ ಹಾಕಿದ್ದಳು. ಒಂದು ಹಸಿರು, ಒಂದು ಹಳದಿ, ಒಂದಕ್ಕೆ ಕುಚ್ಚು ಬೇರೆ.

“ನಿದ್ದೆ ಮಾಡ್ಲಿ ಪಾಪ,” ಅಂದಳು.

ಗಾಡಿ ಓಡುತ್ತಿತ್ತು. ನದಿ ಬಾಗಿಲ ಹೊಸ್ತಿಲಿಗೆ ಬಂದು ಮೆಟ್ಟಿಲಿನತ್ತ ಮೂತಿ ಚಾಚಿತ್ತು. ನಾನು ಅದನ್ನು ದಾಟಿ ಬರುವಾಗ, ಸುಮ್ಮನೆ, ಪಂಚೆ ಸ್ವಲ್ಪ ಮೇಲೆತ್ತಿಕೊಂಡೆ.

“ಇದು ಎಲ್ಲಿಗೆ ಹೋಗಿ ಸೇರುತ್ತಕ್ಕಾ?” ಎಂದು ಕೇಳಿದೆ.

ಅಕ್ಕ ಪರದೆಯನ್ನು ಅರ್ಧ ಎಳೆದು, ದಿಂಬು ಸರಿಮಾಡಿಕೊಂಡಳು.

“ತಾಳೋ ಪುಟ್ಟ, ಮಲಗಿ ನೋಡಿ ಹೇಳ್ತೀನಿ.”